ನೆಟ್ ಕೇಬಲ್‌ನಲ್ಲೇ ಕರೆಂಟ್ ಕೊಟ್ಟು ಫ್ಯಾಕ್ಟರಿ ಯಂತ್ರ ಓಡಿಸಬಹುದೇ? ಸತ್ಯ ಎಷ್ಟು, ಮಿಥ್ಯೆ ಎಷ್ಟು?

ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮೇಲಿರುವ ಸಿಸಿಟಿವಿ ಕ್ಯಾಮೆರಾವನ್ನು ಒಮ್ಮೆ ಗಮನಿಸಿ ನೋಡಿ. ಅದು ಹೊಸ ಬಗೆಯದಾಗಿದ್ದರೆ ಅದಕ್ಕೆ ಹೋಗಿರುವುದು ಒಂದೇ ಒಂದು ಕೇಬಲ್ ಆಗಿರಬಹುದು. ಪಕ್ಕದಲ್ಲಿ ಪ್ಲಗ್ ಇಲ್ಲ, ಅಡಾಪ್ಟರ್ ಇಲ್ಲ. ಚಿತ್ರ ಬರುವುದೂ ಅದರಲ್ಲೇ, ಕ್ಯಾಮೆರಾಗೆ ಬೇಕಾದ ವಿದ್ಯುತ್ ಹೋಗುವುದೂ ಅದರಲ್ಲೇ. ಇದಕ್ಕೆ ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಓಇ ಎನ್ನುತ್ತಾರೆ.

ಇದೇ ವಿಧಾನ ಈಗ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪೆಟ್ಟಿಗೆಗಳಿಗೂ ಬಂದಿದೆ. ಅದರ ಬೆನ್ನಲ್ಲೇ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು: "ಇನ್ನು ಪವರ್ ವೈರಿಂಗೇ ಬೇಡ, ನೆಟ್ ಕೇಬಲ್ ಒಂದಿದ್ದರೆ ಇಡೀ ಮಷೀನ್ ಓಡುತ್ತದೆ." ಇನ್ನೊಂದು: "ನೆಟ್ ಕೇಬಲ್‌ನಲ್ಲಿ ಕರೆಂಟ್ ಬಿಡುತ್ತಾರೆ, ಲ್ಯಾಪ್‌ಟಾಪ್ ಹಾಕಿದರೆ ಸುಟ್ಟುಹೋಗುತ್ತದೆ, ಮುಟ್ಟಿದರೆ ಜೀವಕ್ಕೇ ಅಪಾಯ." ಎರಡೂ ಪೂರ್ತಿ ನಿಜವಲ್ಲ. ಆದರೆ ಎರಡರಲ್ಲೂ ಒಂದಿಷ್ಟು ನಿಜವಿದೆ. ನಿಜ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ದುಡ್ಡೂ ಹೋಗಬಹುದು, ಯಂತ್ರದ ಮುಂದೆ ನಿಂತವರ ಕೈಗೂ ಪೆಟ್ಟಾಗಬಹುದು. ಹಾಗಾಗಿ ಬನ್ನಿ, ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ನೆಟ್ ಕೇಬಲ್ ಮೂಲಕ ಸಣ್ಣ ಕಂಟ್ರೋಲರ್, ಸೆನ್ಸರ್, ಚಿಕ್ಕ ಪರದೆ ಓಡಿಸಬಹುದು. ಇದು ನಿಜ.
• ಮೋಟರ್, ಹೀಟರ್, ಪಂಪ್ ಓಡಿಸಲು ಆಗುವುದಿಲ್ಲ.
• ನಿಯಮದ ಪ್ರಕಾರ ಮಾಡಿದ ಪಿಓಇ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಹಾಕಿದರೆ ಸುಡುವುದಿಲ್ಲ. ಅಗ್ಗದ "ಪ್ಯಾಸಿವ್" ಅಡಾಪ್ಟರಿಗೆ ಈ ಮಾತು ಅನ್ವಯಿಸುವುದಿಲ್ಲ.
• ಮಾತೂ ಕರೆಂಟೂ ಒಂದೇ ಕೇಬಲ್‌ನಲ್ಲಿ ಹೋದರೆ, ಕೇಬಲ್ ಕಡಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಆಗ ಯಂತ್ರ ಏನು ಮಾಡಬೇಕು ಎಂಬುದನ್ನು ಮೊದಲೇ ಯೋಚಿಸಿರಬೇಕು.

ಕಂಟ್ರೋಲರ್ ಎಂದರೆ ಏನು?

ಬಾಟಲಿಗೆ ನೀರು ತುಂಬುವ ಯಂತ್ರ ನೋಡಿರುತ್ತೀರಿ. ಬಾಟಲಿ ಬಂತೇ ಎಂದು ಸೆನ್ಸರ್ ನೋಡುತ್ತದೆ, ವಾಲ್ವ್ ತೆರೆಯುತ್ತದೆ, ತುಂಬಿದ ಮೇಲೆ ಮುಚ್ಚುತ್ತದೆ, ಬೆಲ್ಟ್ ಮುಂದೆ ಸಾಗುತ್ತದೆ. "ಇದಾದ ಮೇಲೆ ಇದು" ಎಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರ್ ಒಂದು ಪ್ಯಾನೆಲ್ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಅದೇ ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್.

ಇದರ ಕಥೆ ಶುರುವಾಗುವುದು 1968ರಲ್ಲಿ. ಅಮೆರಿಕದ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗಕ್ಕೆ ರಿಲೇಗಳಿಂದ ತುಂಬಿದ ದೊಡ್ಡ ಪ್ಯಾನೆಲ್‌ಗಳು ತಲೆನೋವಾಗಿದ್ದವು. ಕಾರಿನ ಮಾದರಿ ಬದಲಾದಾಗಲೆಲ್ಲ ವೈರಿಂಗನ್ನೂ ಬದಲಿಸಬೇಕಿತ್ತು. ಅದಕ್ಕೆ ಪರಿಹಾರವಾಗಿ ಡಿಕ್ ಮಾರ್ಲಿ ಮತ್ತು ಸಂಗಡಿಗರು ಮಾಡಿದ್ದು ಮೋಡಿಕಾನ್ 084 ಎಂಬ ಕಂಟ್ರೋಲರ್. ವೈರ್ ಬದಲಿಸುವ ಬದಲು ಪ್ರೋಗ್ರಾಮ್ ಬದಲಿಸಿದರೆ ಸಾಕು ಎಂಬುದೇ ಅದರ ಹೆಚ್ಚುಗಾರಿಕೆ.

ಇಂದು ಪ್ಯಾನೆಲ್ ಒಳಗಿನ ಕಂಟ್ರೋಲರ್, ಸೆನ್ಸರ್, ರಿಲೇ ಎಲ್ಲಕ್ಕೂ ಸಾಮಾನ್ಯವಾಗಿ ಹೋಗುವುದು 24 ವೋಲ್ಟ್ ಡಿಸಿ. 230 ವೋಲ್ಟ್ ಎಸಿಯನ್ನು 24 ವೋಲ್ಟ್‌ಗೆ ಇಳಿಸುವ ಒಂದು ಪವರ್ ಸಪ್ಲೈ ಪೆಟ್ಟಿಗೆಯಲ್ಲೇ ಇರುತ್ತದೆ. ಜೊತೆಗೆ ಕಂಟ್ರೋಲರ್‌ಗೆ ಒಂದು ಈಥರ್ನೆಟ್ ಕೇಬಲ್ ಬರುತ್ತದೆ. ಅದು ಇಂಟರ್ನೆಟ್ಟಿಗೇ ಹೋಗಬೇಕೆಂದಿಲ್ಲ, ಫ್ಯಾಕ್ಟರಿಯೊಳಗಿನ ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವುದಕ್ಕೂ ಇರಬಹುದು. ಎರಡು ತಂತಿ ಎಳೆಯುವ ಬದಲು ಒಂದೇ ಸಾಕಲ್ಲವೇ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಂದ.

ಒಂದೇ ತಂತಿಯಲ್ಲಿ ಮಾತೂ ಕರೆಂಟೂ: ಇದು ಹೊಸದೇ?

ಅಲ್ಲ. ಮನೆಯಲ್ಲಿದ್ದ ಹಳೆಯ ಲ್ಯಾಂಡ್‌ಲೈನ್ ಫೋನ್ ನೆನಪಿಸಿಕೊಳ್ಳಿ. ಊರಿಗೆಲ್ಲ ಕರೆಂಟ್ ಹೋದರೂ ಅದು ಕೆಲಸ ಮಾಡುತ್ತಿತ್ತು. ಏಕೆಂದರೆ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ಅದೇ ಎರಡು ತಂತಿಗಳಲ್ಲಿ ಬರುತ್ತಿತ್ತು. ಸೀಸ-ಆಮ್ಲದ ಒಂದು ಸೆಲ್ ಸುಮಾರು 2 ವೋಲ್ಟ್, ಅಂಥ 24 ಸೆಲ್ ಜೋಡಿಸಿದರೆ 48.

ಕಾರ್ಖಾನೆಗಳಲ್ಲೂ ಇದಕ್ಕೆ ಹಳೆಯ ಉದಾಹರಣೆ ಇದೆ. ಬಾಯ್ಲರಿನ ಒತ್ತಡ, ಟ್ಯಾಂಕಿನ ಮಟ್ಟ ಅಳೆಯುವ ಸೆನ್ಸರ್‌ಗಳು ದಶಕಗಳಿಂದ "4ರಿಂದ 20 ಮಿಲಿಆಂಪ್" ಪದ್ಧತಿಯಲ್ಲಿ ಕೆಲಸ ಮಾಡುತ್ತಿವೆ. ಎರಡೇ ತಂತಿ. ಸೆನ್ಸರ್‌ಗೆ ಬೇಕಾದ ವಿದ್ಯುತ್ತೂ ಅದರಲ್ಲೇ, ಅದು ಕೊಡುವ ಅಳತೆಯೂ ಅದರಲ್ಲೇ.

ಇಲ್ಲೊಂದು ಜಾಣತನ ಗಮನಿಸಿ. ಟ್ಯಾಂಕ್ ಖಾಲಿ ಎಂದು ಹೇಳಲು 0 ಬಳಸಿಲ್ಲ, 4 ಮಿಲಿಆಂಪ್ ಬಳಸಿದ್ದಾರೆ. ಆ 4 ಮಿಲಿಆಂಪ್‌ನಲ್ಲೇ ಸೆನ್ಸರ್ ಬದುಕಿರುತ್ತದೆ. ತಂತಿ ಕಡಿದರೆ ಮಾತ್ರ 0 ಬರುತ್ತದೆ. ಹಾಗಾಗಿ "ಟ್ಯಾಂಕ್ ಖಾಲಿಯಾಗಿದೆ" ಎನ್ನುವುದಕ್ಕೂ "ತಂತಿ ಕಡಿದಿದೆ" ಎನ್ನುವುದಕ್ಕೂ ಕಂಟ್ರೋಲರ್‌ಗೆ ವ್ಯತ್ಯಾಸ ಗೊತ್ತಾಗುತ್ತದೆ. ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇವೆ.

ಕರೆಂಟ್ ಬಿಟ್ಟರೆ ಡೇಟಾ ಕೆಡುವುದಿಲ್ಲವೇ?

ಇಲ್ಲ. ನೆಟ್ ಕೇಬಲ್ ಸೀಳಿದರೆ ಒಳಗೆ ಎಂಟು ತಂತಿ ಕಾಣುತ್ತವೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಡೇಟಾ ಓದುವ ಸಾಧನ ಒಂದು ಜೋಡಿಯ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ನೋಡುತ್ತದೆ.

ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ಮೇಜಿನ ಸಮೇತ ತಕ್ಕಡಿಯನ್ನು ಒಂದಡಿ ಮೇಲಕ್ಕೆತ್ತಿದರೂ ಎರಡು ತಟ್ಟೆಗಳ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ. ಪಿಓಇ ಮಾಡುವುದೂ ಅದನ್ನೇ. ಒಂದು ಜೋಡಿಯ ಎರಡೂ ತಂತಿಗಳನ್ನು ಸಮನಾಗಿ ಎತ್ತರದ ವೋಲ್ಟೇಜಿಗೆ ಏರಿಸುತ್ತದೆ, ಇನ್ನೊಂದು ಜೋಡಿಯನ್ನು ಕೆಳಗೆ ಇಡುತ್ತದೆ. ಕರೆಂಟ್ ಒಂದು ಜೋಡಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತದೆ. ಪೋರ್ಟಿನ ಒಳಗಿರುವ ಪುಟಾಣಿ ಟ್ರಾನ್ಸ್‌ಫಾರ್ಮರುಗಳು ಡೇಟಾವನ್ನೂ ಡಿಸಿ ವಿದ್ಯುತ್ತನ್ನೂ ಬೇರೆ ಮಾಡುತ್ತವೆ. ಸರಿಯಾಗಿ ಮಾಡಿದ ಉಪಕರಣದಲ್ಲಿ ಡೇಟಾದ ವೇಗಕ್ಕೆ ಇದರಿಂದ ತೊಂದರೆ ಇಲ್ಲ.

"ಲ್ಯಾಪ್‌ಟಾಪ್ ಹಾಕಿದರೆ ಸುಟ್ಟುಹೋಗುತ್ತದೆ": ನಿಜವೇ?

ನಿಯಮದ ಪ್ರಕಾರ ಮಾಡಿದ ಪಿಓಇ ಸ್ವಿಚ್ಚಿನಲ್ಲಿ ಇದು ಸುಳ್ಳು. (ಇಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲಿನ ಲೈಟ್ ಸ್ವಿಚ್ ಅಲ್ಲ. ಹಲವು ನೆಟ್ ಕೇಬಲ್‌ಗಳನ್ನು ಸೇರಿಸುವ, ಸಾಲಾಗಿ ಪೋರ್ಟ್‌ಗಳಿರುವ ಪೆಟ್ಟಿಗೆ.) ಅದು ಕೇಬಲ್ ಹಾಕಿದ ತಕ್ಷಣ ವಿದ್ಯುತ್ ಬಿಡುವುದಿಲ್ಲ. ಮೊದಲು ಮಾತಾಡಿಸುತ್ತದೆ.

ಮೊದಲ ಹಂತದಲ್ಲಿ 10 ವೋಲ್ಟಿನ ಆಸುಪಾಸಿನ ಮಿತಿಯೊಳಗೆ ಸಣ್ಣ ವೋಲ್ಟೇಜ್ ಕಳಿಸಿ, ಆ ಕಡೆ ಸುಮಾರು 25 ಕಿಲೋಓಮ್ ರೆಸಿಸ್ಟರ್ ಇದೆಯೇ ಎಂದು ನೋಡುತ್ತದೆ. ಅದು ಪಿಓಇ ಉಪಕರಣದ ಗುರುತಿನ ಚೀಟಿ ಇದ್ದಂತೆ. ಲ್ಯಾಪ್‌ಟಾಪಿನಲ್ಲಿ ಆ ಗುರುತು ಇಲ್ಲ. ಹಾಗಾಗಿ ಸ್ವಿಚ್ ಅದಕ್ಕೆ ವಿದ್ಯುತ್ ಕೊಡುವುದೇ ಇಲ್ಲ, ಡೇಟಾ ಮಾತ್ರ ಹೋಗುತ್ತದೆ.

ಗುರುತು ಸಿಕ್ಕರೆ ಎರಡನೇ ಹಂತ. 15ರಿಂದ 20 ವೋಲ್ಟ್ ಸುಮಾರಿಗೆ ಏರಿಸಿ, "ನಿನಗೆ ಎಷ್ಟು ವ್ಯಾಟ್ ಬೇಕು?" ಎಂದು ವಿಚಾರಿಸುತ್ತದೆ. ಉತ್ತರ ಬಂದ ಮೇಲಷ್ಟೇ 48 ವೋಲ್ಟಿನ ಆಸುಪಾಸಿನ ಪೂರ್ತಿ ವಿದ್ಯುತ್. ಕೇಬಲ್ ಕಿತ್ತರೆ ಅರ್ಧ ಸೆಕೆಂಡಿನೊಳಗೆ ವಿದ್ಯುತ್ ನಿಲ್ಲುತ್ತದೆ. ಇಷ್ಟೆಲ್ಲ ನಡೆಯುವುದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ.

ಆದರೆ ಮಾರುಕಟ್ಟೆಯಲ್ಲಿ "ಪ್ಯಾಸಿವ್ ಪಿಓಇ" ಎಂಬ ಅಗ್ಗದ ಅಡಾಪ್ಟರುಗಳೂ ಇವೆ. ಇವು ಕೇಳುವುದೂ ಇಲ್ಲ, ವಿಚಾರಿಸುವುದೂ ಇಲ್ಲ. ಪ್ಲಗ್ ಹಾಕಿದೊಡನೆ 24 ಅಥವಾ 48 ವೋಲ್ಟ್ ಸದಾ ಹರಿಯುತ್ತಿರುತ್ತದೆ. ಕೆಲವು ವೈರ್‌ಲೆಸ್ ಉಪಕರಣಗಳ ಜೊತೆ ಇಂಥ ಅಡಾಪ್ಟರ್ ಬರುತ್ತದೆ. ಆ ಉಪಕರಣಕ್ಕೆ ಬಳಸಿದರೆ ಸರಿ. ಅದೇ ಕೇಬಲನ್ನು ಬೇರೆ ಯಾವುದಕ್ಕೋ ಸಿಕ್ಕಿಸಿದರೆ ಪೋರ್ಟ್ ಹಾಳಾಗಬಹುದು. "ಸುಟ್ಟುಹೋಯಿತು" ಎಂಬ ಮಾತಿಗೆ ಇಂಥ ಅಡಾಪ್ಟರ್ ಕಾರಣವಾಗಿರಬಹುದು. ಎರಡರಲ್ಲೂ ಒಂದೇ ಬಗೆಯ ಪೋರ್ಟ್ ಇರುವುದರಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಮೇಲಿನ ಲೇಬಲ್ ಓದಲೇಬೇಕು.

ಎಷ್ಟು ವಿದ್ಯುತ್ ಸಿಗುತ್ತದೆ?

ಇದರ ನಿಯಮಗಳನ್ನು ಬರೆಯುವುದು ಐ-ಟ್ರಿಪಲ್-ಇ ಎಂಬ ಅಂತರರಾಷ್ಟ್ರೀಯ ಎಂಜಿನಿಯರ್‌ಗಳ ಸಂಸ್ಥೆ. ಈವರೆಗೆ ಮೂರು ಮೆಟ್ಟಿಲು ಬಂದಿವೆ:

• 2003, 802.3ಎಎಫ್: ಸ್ವಿಚ್ ಕೊಡುವುದು 15.4 ವ್ಯಾಟ್, ಉಪಕರಣಕ್ಕೆ ಸಿಗುವ ಖಾತ್ರಿ 12.95 ವ್ಯಾಟ್.
• 2009, 802.3ಎಟಿ (ಪಿಓಇ ಪ್ಲಸ್): ಕೊಡುವುದು 30, ಸಿಗುವುದು 25.5 ವ್ಯಾಟ್.
• 2018, 802.3ಬಿಟಿ: ಎರಡು ಬಗೆ. ಒಂದರಲ್ಲಿ ಕೊಡುವುದು 60, ಸಿಗುವುದು 51 ವ್ಯಾಟ್. ಇನ್ನೊಂದರಲ್ಲಿ ಕೊಡುವುದು 90, ಸಿಗುವುದು 71.3 ವ್ಯಾಟ್.

ಕೊಟ್ಟಿದ್ದಕ್ಕೂ ಸಿಕ್ಕಿದ್ದಕ್ಕೂ ಯಾಕೆ ವ್ಯತ್ಯಾಸ? ಉಳಿದದ್ದು ಕೇಬಲ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಇದು 100 ಮೀಟರ್ ಉದ್ದದ ಕೇಬಲ್‌ಗೆ ಹಾಕಿದ ಲೆಕ್ಕ. ಈಥರ್ನೆಟ್ ತಾಮ್ರದ ಕೇಬಲ್‌ಗೆ ಸಾಮಾನ್ಯ ಮಿತಿಯೂ ಅಷ್ಟೇ.

ಪ್ಯಾನೆಲ್ ಇರುವುದೇ 24 ವೋಲ್ಟಲ್ಲಿ, ಅದನ್ನೇ ಕಳಿಸಿದರೆ ಆಗದೇ?

ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್‌ಗಳಿಗೂ ಬರುವ ಯೋಚನೆ ಇದು. ನೆಟ್ ಕೇಬಲ್‌ನಲ್ಲಿ ಬಳಸದ ತಂತಿಗಳಿವೆ, ಅವುಗಳಿಗೆ ನೇರವಾಗಿ 24 ವೋಲ್ಟ್ ಕೊಟ್ಟುಬಿಡೋಣ ಎಂದು. ಹತ್ತು ಹದಿನೈದು ಮೀಟರಿಗೆ ನಡೆದೀತು. ದೂರ ಹೆಚ್ಚಿದರೆ ಲೆಕ್ಕ ಕೈಕೊಡುತ್ತದೆ.

100 ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿಯ ಪ್ರತಿರೋಧ 12.5 ಓಮ್ ಎಂದಿಟ್ಟುಕೊಳ್ಳಿ. ನಿಯಮದಲ್ಲಿ ಎಣಿಸುವ ಮಿತಿ ಇದು. 24 ವೋಲ್ಟ್ ಕೊಟ್ಟು ಅರ್ಧ ಆಂಪ್ ಎಳೆದರೆ ದಾರಿಯಲ್ಲೇ 6.25 ವೋಲ್ಟ್ ಬಿದ್ದುಹೋಗುತ್ತದೆ. ಆ ಕಡೆ ಸಿಗುವುದು 17.75 ವೋಲ್ಟ್. ಪಿಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮದ ಪ್ರಕಾರ 24 ವೋಲ್ಟ್ ಉಪಕರಣಕ್ಕೆ ಕನಿಷ್ಠ 20.4 ವೋಲ್ಟ್ ಬೇಕು. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಈ ದಾರಿಯಲ್ಲಿ 24 ವೋಲ್ಟಿನಿಂದ ಎಷ್ಟೇ ಸರ್ಕಸ್ ಮಾಡಿದರೂ 11.52 ವ್ಯಾಟ್‌ಗಿಂತ ಹೆಚ್ಚು ಆ ತುದಿಗೆ ತಲುಪಿಸಲು ಸಾಧ್ಯವೇ ಇಲ್ಲ.

ಅದೇ 48 ವೋಲ್ಟಲ್ಲಿ 12 ವ್ಯಾಟ್ ಕಳಿಸಿದರೆ 0.27 ಆಂಪ್ ಸಾಕು, ದಾರಿಯಲ್ಲಿ ನಷ್ಟವಾಗುವುದು ಒಂದು ವ್ಯಾಟಿಗೂ ಕಡಿಮೆ. ಓವರ್‌ಹೆಡ್ ಟ್ಯಾಂಕ್ ಎತ್ತರದಲ್ಲಿದ್ದರೆ ಸಣ್ಣ ಪೈಪಿನಲ್ಲೂ ನೀರು ರಭಸವಾಗಿ ಬರುತ್ತದಲ್ಲ, ಹಾಗೆ.

ಹಾಗಾಗಿ ಸರಿಯಾದ ದಾರಿ ಎರಡು. ಒಂದು, ಪಿಓಇಗೆಂದೇ ಮಾಡಿದ ಉಪಕರಣ ಕೊಳ್ಳುವುದು. ಉದಾಹರಣೆಗೆ ಅಮೆರಿಕದ ಆಪ್ಟೊ 22 ಕಂಪನಿಯ ಗ್ರೂವ್ ರಿಯೊ ಎಂಬ ಸಾಧನ ಪಿಓಇಯಿಂದಲೇ ಓಡುತ್ತದೆ. ಎರಡು, ಪಿಓಇ ಇಲ್ಲದ ಕಂಟ್ರೋಲರ್ ಆದರೆ ಅದರ ಬಳಿ "ಸ್ಪ್ಲಿಟರ್" ಹಾಕಿ 48 ವೋಲ್ಟನ್ನು 24ಕ್ಕೆ ಇಳಿಸಿ ಕೊಡುವುದು. ಬಹಳಷ್ಟು ಸಾಮಾನ್ಯ ಪಿಎಲ್‌ಸಿಗಳು ಇಂದಿಗೂ ನೇರವಾಗಿ ಪಿಓಇ ತೆಗೆದುಕೊಳ್ಳುವುದಿಲ್ಲ. ಅವುಗಳಲ್ಲಿ ಈಥರ್ನೆಟ್ ಪೋರ್ಟ್ ಇರುವುದು ಡೇಟಾಗೆ ಮಾತ್ರ.

ತಲೆ ಓಡುತ್ತದೆ, ತೋಳು ಓಡುವುದಿಲ್ಲ

"ಇಡೀ ಮಷೀನ್ ಓಡುತ್ತದೆ" ಎಂಬ ಮಾತಿಗೆ ಈಗ ಬರೋಣ. ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಉಪಕರಣದ್ದನ್ನು ಅದರ ಕೈಪಿಡಿಯಲ್ಲಿ ನೋಡಬೇಕು.

• ಕಂಟ್ರೋಲರ್: 6 ವ್ಯಾಟ್
• ಆರು ಸೆನ್ಸರ್, ಒಂದಕ್ಕೆ ಅರ್ಧ ವ್ಯಾಟ್: 3 ವ್ಯಾಟ್
• ಚಿಕ್ಕ ಟಚ್ ಪರದೆ: 8 ವ್ಯಾಟ್
• ಒಟ್ಟು: 17 ವ್ಯಾಟ್

ಪಿಓಇ ಪ್ಲಸ್‌ನಲ್ಲಿ ಸಿಗುವುದು 25.5 ವ್ಯಾಟ್. 48 ವೋಲ್ಟನ್ನು 24ಕ್ಕೆ ಇಳಿಸುವಾಗ ಶೇ. 15ರಷ್ಟು ಹೋಯಿತು ಎಂದುಕೊಂಡರೆ ಕೈಗೆ ಸಿಗುವುದು ಸುಮಾರು 21 ವ್ಯಾಟ್. ಹಾಗಾದರೆ 17 ವ್ಯಾಟ್ ಆರಾಮವಾಗಿ ನಡೆಯುತ್ತದೆ.

ಈಗ ಇದಕ್ಕೆ ಒಂದೊಂದು 6 ವ್ಯಾಟಿನ ನಾಲ್ಕು ಸೊಲೆನಾಯ್ಡ್ ವಾಲ್ವ್ ಸೇರಿಸಿ. ಒಟ್ಟು 41 ವ್ಯಾಟ್ ಆಯಿತು. ಪಿಓಇ ಪ್ಲಸ್ ಸಾಲದು. ತಮಾಷೆ ಏನೆಂದರೆ, ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಒಂದೊಂದೇ ವಾಲ್ವ್ ತೆರೆದು ನೋಡುತ್ತೇವೆ, ಎಲ್ಲ ಸರಿ ಇರುತ್ತದೆ. ಉತ್ಪಾದನೆ ನಡೆಯುವಾಗ ನಾಲ್ಕೂ ಒಟ್ಟಿಗೆ ತೆರೆದ ಕ್ಷಣ ಮಿತಿ ಮೀರಿ, ಸ್ವಿಚ್ ಆ ಪೋರ್ಟಿನ ವಿದ್ಯುತ್ತನ್ನೇ ಕಡಿಯಬಹುದು. ಕಂಟ್ರೋಲರ್ ಸಮೇತ ಎಲ್ಲವೂ ಆಫ್.

ಮೋಟರ್ ವಿಷಯವಂತೂ ಮಾತಾಡುವುದೇ ಬೇಡ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಪಿಓಇಯ ಅತಿ ದೊಡ್ಡ ಮೆಟ್ಟಿಲು ಉಪಕರಣಕ್ಕೆ ಖಾತ್ರಿ ಕೊಡುವ 71.3 ವ್ಯಾಟ್‌ನ ಹತ್ತು ಪಟ್ಟಿಗೂ ಹೆಚ್ಚು. ಮನೆಯ ಮುಂದಿನ ಸಂಪಿನ ಪಂಪನ್ನೂ ಇದರಿಂದ ಓಡಿಸಲಾಗದು. ಯಂತ್ರದ ತಲೆಗೆ ಮಾತ್ರ ಊಟ ಕೊಡಬಹುದು, ತೋಳಿಗೆ ಬೇರೆಯದೇ ವೈರಿಂಗ್ ಬೇಕು.

ಕೇಬಲ್ ಕೊಳ್ಳುವಾಗ ಮೋಸ ಹೋಗಬೇಡಿ

ಕಡಿಮೆ ಬೆಲೆಯ ಕೆಲವು ಕೇಬಲ್‌ಗಳಲ್ಲಿ ತಂತಿ ಪೂರ್ತಿ ತಾಮ್ರದ್ದಲ್ಲ. ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಇದನ್ನು ಸಿಸಿಎ ಎನ್ನುತ್ತಾರೆ. ಕ್ಯಾಟ್ 5ಇ, ಕ್ಯಾಟ್ 6 ಕೇಬಲ್‌ಗಳ ನಿಯಮ ಕೇಳುವುದು ಅಪ್ಪಟ ತಾಮ್ರವನ್ನು. ಆದರೂ ಸಿಸಿಎ ಮೇಲೆ ಇದೇ ಹೆಸರು ಮುದ್ರಿಸಿ ಮಾರುವವರಿದ್ದಾರೆ.

ಇದರ ಪ್ರತಿರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಪಿಓಇ ಪ್ಲಸ್‌ನಲ್ಲಿ ಹರಿಯುವ 0.6 ಆಂಪ್‌ಗೆ 100 ಮೀಟರ್ ತಾಮ್ರದ ಕೇಬಲ್‌ನಲ್ಲಿ ನಷ್ಟ ಹೆಚ್ಚೆಂದರೆ 4.5 ವ್ಯಾಟ್. ಸಿಸಿಎಯಲ್ಲಿ ಅದು 7 ವ್ಯಾಟಿನ ಹತ್ತಿರ ಹೋಗುತ್ತದೆ. 50 ವೋಲ್ಟ್ ಕಳಿಸಿದರೆ ಆ ತುದಿಯಲ್ಲಿ 39 ವೋಲ್ಟ್ ಉಳಿಯುವುದೂ ಕಷ್ಟ, ಅಲ್ಲಿ ಇರಬೇಕಾದದ್ದು ಕನಿಷ್ಠ 42.5. ಡೇಟಾ ಮಾತ್ರ ಹೋಗುವಾಗ ಕೆಲಸ ಮಾಡಿದ ಕೇಬಲ್, ವಿದ್ಯುತ್ ಕೊಟ್ಟ ಮೇಲೆ ಆಗಾಗ ಕೈಕೊಟ್ಟರೆ ಕಾರಣ ಇದಿರಬಹುದು. "ಕಂಟ್ರೋಲರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ" ಎಂದು ಕಂಟ್ರೋಲರ್ ಬದಲಿಸುವ ಮುನ್ನ ಕೇಬಲ್ ನೋಡಿ.

ಪರೀಕ್ಷೆ ಸುಲಭ. ಉಳಿದ ಕೇಬಲ್‌ನ ತುಂಡೊಂದರಿಂದ ಒಂದು ತಂತಿ ಬಿಡಿಸಿ, ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿಯೇ ಇದ್ದರೆ ತಾಮ್ರ. ಬೆಳ್ಳಿಯ ಬಣ್ಣ ಕಂಡರೆ ಸಿಸಿಎ.

ಶಾಕ್ ಹೊಡೆಯುತ್ತದೆಯೇ? ಬೆಂಕಿ ಹತ್ತುತ್ತದೆಯೇ?

ಪಿಓಇಯಲ್ಲಿ ವೋಲ್ಟೇಜ್ 57 ಡಿಸಿ ದಾಟುವುದಿಲ್ಲ. 60 ವೋಲ್ಟ್ ಡಿಸಿಗಿಂತ ಕೆಳಗಿನದನ್ನು ಒಣ ಜಾಗದಲ್ಲಿ ಸಾಮಾನ್ಯವಾಗಿ ಸುರಕ್ಷಿತ ಎಂದೇ ಎಣಿಸುತ್ತಾರೆ. ಮನೆಯ 230 ವೋಲ್ಟ್ ಎಸಿಗೆ ಹೋಲಿಸಿದರೆ ಅಪಾಯ ಬಹಳ ಕಡಿಮೆ. ಹಾಗೆಂದು ಒದ್ದೆ ಕೈಯಲ್ಲಿ ಬಿಚ್ಚಿದ ತಂತಿ ಹಿಡಿಯುವುದು ಬುದ್ಧಿವಂತಿಕೆಯಲ್ಲ. "ಮುಟ್ಟಿದರೆ ಜೀವಕ್ಕೇ ಅಪಾಯ" ಎಂಬುದು ಮಾತ್ರ ಉತ್ಪ್ರೇಕ್ಷೆ.

ಗಮನ ಕೊಡಬೇಕಾದದ್ದು ಬಿಸಿಯ ಕಡೆಗೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಒಂದು ಕೇಬಲ್ ಆದರೆ ಗಾಳಿಗೆ ತಣ್ಣಗಾಗುತ್ತದೆ. ನೂರಾರು ಕೇಬಲ್‌ಗಳನ್ನು ಬಿಗಿಯಾಗಿ ಕಟ್ಟಿ ಪೈಪಿನೊಳಗೆ ತುರುಕಿದರೆ ನಡುವಿನವಕ್ಕೆ ಬಿಸಿ ಬಿಡಲು ಜಾಗವೇ ಇರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ 2017ರ ಆವೃತ್ತಿಯಲ್ಲಿ ಇಂಥ ಕಟ್ಟುಗಳಿಗೆಂದೇ ಮಿತಿಗಳ ಪಟ್ಟಿ ಸೇರಿಸಿದ್ದು ಇದಕ್ಕಾಗಿ. ಕುಲುಮೆಯ ಪಕ್ಕ, ತಗಡಿನ ಛಾವಣಿಯ ಕೆಳಗೆ ಹೋಗುವ ಕೇಬಲ್‌ಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಇನ್ನೊಂದು ಮಾತು. ವಿದ್ಯುತ್ ಹರಿಯುತ್ತಿರುವಾಗಲೇ ಪದೇ ಪದೇ ಪ್ಲಗ್ ಕೀಳಬೇಡಿ. ಸಣ್ಣ ಕಿಡಿ ಹಾರಿ ಪೋರ್ಟಿನ ಲೋಹದ ಕಡ್ಡಿಗಳು ಸವೆಯುತ್ತವೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಎಳೆಯುವುದಾದರೆ ಸಿಡಿಲಿನ ಭಯವಿದೆ. ಅಲ್ಲಿ ಡೇಟಾಗೆ ಫೈಬರ್ ಕೇಬಲ್ ಹಾಕಿ, ವಿದ್ಯುತ್ತನ್ನು ಆ ಕಟ್ಟಡದಲ್ಲೇ ಕೊಡುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಕೇಬಲ್ ಕಡಿದರೆ?

ಮೇಲೆ ಹೇಳಿದ 4 ಮಿಲಿಆಂಪ್ ನೆನಪಿದೆಯಲ್ಲ? ತಂತಿ ಕಡಿದರೆ ಏನಾಗಬೇಕು ಎಂದು ಹಿಂದಿನವರು ಮೊದಲೇ ಯೋಚಿಸಿದ್ದರು. ಪಿಓಇ ಹಾಕುವಾಗ ಈ ಯೋಚನೆಯನ್ನೇ ಮರೆಯುವ ಸಾಧ್ಯತೆ ಇದೆ.

ಕಂಟ್ರೋಲರ್‌ಗೆ ಪ್ರತ್ಯೇಕ ವಿದ್ಯುತ್ ಇದ್ದು ನೆಟ್ ಕೇಬಲ್ ಮಾತ್ರ ಕಡಿಯಿತು ಎಂದುಕೊಳ್ಳಿ. ಅದಕ್ಕೆ ಜೀವ ಇರುತ್ತದೆ. "ಮೇಲಿನವರ ಸುದ್ದಿ ಇಲ್ಲ" ಎಂದು ಗೊತ್ತಾಗಿ, ಪ್ರೋಗ್ರಾಮಿನಲ್ಲಿ ಬರೆದಂತೆ ಯಂತ್ರವನ್ನು ಮೆಲ್ಲಗೆ ನಿಲ್ಲಿಸಬಹುದು, ಸೈರನ್ ಹೊಡೆಯಬಹುದು. ಪಿಓಇಯಲ್ಲಿ ಕೇಬಲ್ ಕಡಿದರೆ ಮಾತೂ ನಿಂತಿತು, ಉಸಿರೂ ನಿಂತಿತು. ಮೆಲ್ಲಗೆ ನಿಲ್ಲಿಸಲು ಅಲ್ಲಿ ಯಾರೂ ಉಳಿದಿಲ್ಲ. ಕಂಟ್ರೋಲರ್ ನಡೆಸುತ್ತಿದ್ದ ರಿಲೇ, ವಾಲ್ವ್‌ಗಳೆಲ್ಲ ಆಫ್ ಸ್ಥಿತಿಗೆ ಬೀಳುತ್ತವೆ.

ಆಫ್ ಎಂದರೆ ಯಾವಾಗಲೂ ಸುರಕ್ಷಿತವೇ? ಕನ್ವೇಯರ್ ಬೆಲ್ಟ್‌ಗೆ ಹೌದು. ಕುಲುಮೆಗೆ ತಂಪು ನೀರು ಬಿಡುವ ವಾಲ್ವ್‌ಗೆ ಅಲ್ಲ, ಅದು ಕರೆಂಟ್ ಹೋದಾಗ ತೆರೆದೇ ಇರುವ ಬಗೆಯದಾಗಿರಬೇಕು. ಮೇಲೆತ್ತಿದ ಭಾರವನ್ನು ಹಿಡಿದಿರುವ ಬ್ರೇಕ್, ಕರೆಂಟ್ ಹೋದೊಡನೆ ಸ್ಪ್ರಿಂಗಿನ ಬಲದಿಂದ ತಾನಾಗಿ ಹಿಡಿದುಕೊಳ್ಳುವಂಥದ್ದಾಗಿರಬೇಕು. ಇಲ್ಲದಿದ್ದರೆ ಇಲಿ ಕಡಿದ ಒಂದು ಕೇಬಲ್ ಕೆಳಗೆ ನಿಂತವರ ಮೇಲೆ ಭಾರ ಬೀಳಿಸಬಹುದು.

ಕೇಬಲ್ ಕಡಿಯಲೇಬೇಕೆಂದಿಲ್ಲ, ಬೇರೆ ದಾರಿಗಳೂ ಇವೆ:

• ಸ್ವಿಚ್ ರೀಸ್ಟಾರ್ಟ್: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಸ್ವಿಚ್ ರೀಸ್ಟಾರ್ಟ್ ಮಾಡಿದರೆ ಅನೇಕ ಮಾದರಿಗಳಲ್ಲಿ ಎಲ್ಲ ಪೋರ್ಟಿನ ವಿದ್ಯುತ್ತೂ ಹೋಗುತ್ತದೆ. ಆಫೀಸಿನಲ್ಲಿ ಫೋನ್ ಎರಡು ನಿಮಿಷ ಆಫ್ ಆದರೆ ನಷ್ಟವಿಲ್ಲ. ಶಾಪ್ ಫ್ಲೋರಿನಲ್ಲಿ ಇದೆ.

• ಒಟ್ಟು ಮಿತಿ: 30 ವ್ಯಾಟಿನ ಎಂಟು ಪೋರ್ಟ್ ಇದ್ದರೆ 240 ವ್ಯಾಟ್ ಸಿಗುತ್ತದೆ ಎಂದುಕೊಳ್ಳಬೇಡಿ. ಸ್ವಿಚ್ಚಿನ ಒಟ್ಟು ಸಾಮರ್ಥ್ಯ ಅದರ ಅರ್ಧವೇ ಇರಬಹುದು. ಮಿತಿ ಮೀರಿದಾಗ ಕೆಲವು ಸ್ವಿಚ್‌ಗಳು ಕಡಿಮೆ ಆದ್ಯತೆಯ ಪೋರ್ಟನ್ನು ಆಫ್ ಮಾಡುತ್ತವೆ. ಆದ್ಯತೆ ಸರಿಯಾಗಿ ಹೊಂದಿಸದಿದ್ದರೆ, ಯಾರೋ ಹೊಸದಾಗಿ ಹಾಕಿದ ಕ್ಯಾಮೆರಾ ಉಳಿದು ಕಂಟ್ರೋಲರ್ ಆಫ್ ಆಗಬಹುದು.

• ದೂರದ ಕೈ: ಸ್ವಿಚ್ಚಿನ ಪಾಸ್‌ವರ್ಡ್ ಗೊತ್ತಿದ್ದವರು ಎಲ್ಲೋ ಕೂತು ಒಂದು ಕ್ಲಿಕ್‌ನಲ್ಲಿ ಕಂಟ್ರೋಲರ್ ಆಫ್ ಮಾಡಬಲ್ಲರು. ಹ್ಯಾಂಗ್ ಆದ ಉಪಕರಣವನ್ನು ರೀಸ್ಟಾರ್ಟ್ ಮಾಡಲು ಇದು ವರ. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದರೆ ಶಾಪ.

ಎಮರ್ಜೆನ್ಸಿ ಸ್ಟಾಪ್ ಬಟನ್ ಬಗ್ಗೆ ಒಂದೇ ಮಾತು: ಅದು ಈ ಕೇಬಲ್‌ಗಾಗಲಿ, ಸಾಮಾನ್ಯ ಕಂಟ್ರೋಲರ್‌ನ ಪ್ರೋಗ್ರಾಮಿಗಾಗಲಿ ಕಾಯುವಂತಿರಬಾರದು. ನೆಟ್‌ವರ್ಕ್ ಸತ್ತಿದ್ದರೂ ಆ ಕೆಂಪು ಬಟನ್ ಒತ್ತಿದೊಡನೆ ಯಂತ್ರ ನಿಲ್ಲಬೇಕು. ಅದರ ಸರ್ಕ್ಯೂಟ್ ಪ್ರತ್ಯೇಕವಾಗಿರಲಿ.

ಹಾಗಾದರೆ ಪಿಓಇ ಎಲ್ಲಿ ಒಳ್ಳೆಯದು?

ಒಳ್ಳೆಯ ಜಾಗಗಳು ಬೇಕಾದಷ್ಟಿವೆ. ಟ್ಯಾಂಕಿನ ಮಟ್ಟ, ಉಷ್ಣಾಂಶ, ಕರೆಂಟ್ ಬಳಕೆ ಅಳೆದು ವರದಿ ಮಾಡುವ ಸಾಧನಗಳು, ಬಾರ್‌ಕೋಡ್ ಓದುವ, ಮಾಲಿನ ಗುಣಮಟ್ಟ ನೋಡುವ ಕ್ಯಾಮೆರಾಗಳು, ವೈಫೈ ಪೆಟ್ಟಿಗೆಗಳು, ದೂರದ ಮೂಲೆಯ ಚಿಕ್ಕ ಕಂಟ್ರೋಲರ್‌ಗಳು. ಇವಕ್ಕೆಲ್ಲ 230 ವೋಲ್ಟಿನ ಪಾಯಿಂಟ್ ಎಳೆಯುವ ಖರ್ಚು ಉಳಿಯುತ್ತದೆ. ಇನ್ನೊಂದು ಲಾಭ ಯುಪಿಎಸ್‌ನದ್ದು. ಸ್ವಿಚ್ ಇರುವಲ್ಲಿ ಒಂದು ಯುಪಿಎಸ್ ಇಟ್ಟರೆ ಅದರಿಂದ ವಿದ್ಯುತ್ ಪಡೆಯುವ ಎಲ್ಲ ಸಾಧನಗಳೂ ಕರೆಂಟ್ ಹೋದಾಗ ಎಚ್ಚರವಾಗಿರುತ್ತವೆ. ಪೀಣ್ಯದಂಥ ಜಾಗದ ಸಣ್ಣ ಘಟಕವೊಂದು ಹಳೆಯ ಯಂತ್ರಕ್ಕೆ ಅಳತೆಯ ಸಾಧನ ಜೋಡಿಸುವಾಗ ಇದು ಸುಲಭದ ದಾರಿ.

ತಂತ್ರಜ್ಞಾನ ಇನ್ನೂ ಮುಂದೆ ಹೋಗುತ್ತಿದೆ. ಜರ್ಮನಿಯ ಬೆಕ್‌ಹಾಫ್ ಕಂಪನಿಯ ಈಥರ್‌ಕ್ಯಾಟ್-ಪಿ ಎಂಬ ಪದ್ಧತಿ ನಾಲ್ಕೇ ತಂತಿಯಲ್ಲಿ ಡೇಟಾ ಜೊತೆಗೆ 24 ವೋಲ್ಟಿನ ಎರಡು ಪ್ರತ್ಯೇಕ ದಾರಿ ಕೊಡುತ್ತದೆ. ಒಂದು ಕಂಟ್ರೋಲ್ ಮತ್ತು ಸೆನ್ಸರ್‌ಗಳಿಗೆ, ಇನ್ನೊಂದು ವಾಲ್ವ್‌ನಂಥವಕ್ಕೆ. ರಾಸಾಯನಿಕ ಕಾರ್ಖಾನೆಗಳಂಥ ಕಡೆಗೆ 2021ರಲ್ಲಿ ಬಂದ ಈಥರ್ನೆಟ್-ಎಪಿಎಲ್ ಒಂದೇ ಜೋಡಿ ತಂತಿಯಲ್ಲಿ 1000 ಮೀಟರ್‌ವರೆಗೆ ಡೇಟಾವನ್ನೂ ಸ್ವಲ್ಪ ವಿದ್ಯುತ್ತನ್ನೂ ಒಯ್ಯಬಲ್ಲದು. ಅಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ತಂತಿ ಕಡಿದರೆ ಏನು?

ಹಾಕಿಸುವ ಮುನ್ನ ಕೇಳಿ

1. ಇದು 802.3ಎಎಫ್, ಎಟಿ, ಬಿಟಿ ಪೈಕಿ ಯಾವುದು? ಉತ್ತರ ಸಿಗದಿದ್ದರೆ ಪ್ಯಾಸಿವ್ ಇರಬಹುದು, ಎಚ್ಚರ.
2. ಎಲ್ಲವೂ ಒಟ್ಟಿಗೆ ಆನ್ ಆದಾಗ ಎಷ್ಟು ವ್ಯಾಟ್? ಸ್ವಿಚ್ಚಿನ ಒಟ್ಟು ಸಾಮರ್ಥ್ಯ ಎಷ್ಟು?
3. ಕೇಬಲ್ ಅಪ್ಪಟ ತಾಮ್ರದ್ದೇ? ಮೋಟರ್ ಡ್ರೈವ್‌ಗಳ ದಪ್ಪ ಕೇಬಲ್‌ಗಳಿಂದ ದೂರ ಇದೆಯೇ?
4. ಸ್ವಿಚ್ಚಿಗೆ ಯುಪಿಎಸ್ ಇದೆಯೇ? ಪಾಸ್‌ವರ್ಡ್ ಬದಲಿಸಿದ್ದಾರೆಯೇ?
5. ನಮ್ಮ ಕಣ್ಣ ಮುಂದೆಯೇ, ಯಂತ್ರದ ಹತ್ತಿರ ಯಾರೂ ಇಲ್ಲದಾಗ, ಕೇಬಲ್ ಕಿತ್ತು ತೋರಿಸುತ್ತೀರಾ?

ಐದನೆಯದು ಎಲ್ಲಕ್ಕಿಂತ ಮುಖ್ಯ. ಕೇಬಲ್ ಕಿತ್ತಾಗ ಯಂತ್ರ ಸುರಕ್ಷಿತವಾಗಿ ನಿಂತರೆ ಧೈರ್ಯವಾಗಿ ಮುಂದುವರಿಯಿರಿ. ನಿಲ್ಲದಿದ್ದರೆ, ಉಳಿಸಿದ ವೈರಿಂಗ್ ಖರ್ಚಿಗಿಂತ ದೊಡ್ಡ ಬೆಲೆ ಮುಂದೆ ಕಾದಿರಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ನೆಟ್ ಕೇಬಲ್‌ನಲ್ಲಿ ಕಂಟ್ರೋಲರ್ ಓಡುತ್ತದೆ, ಮೋಟರ್ ಓಡುವುದಿಲ್ಲ. ನಿಯಮದ ಪಿಓಇ ಲ್ಯಾಪ್‌ಟಾಪ್ ಸುಡುವುದಿಲ್ಲ, ಪ್ಯಾಸಿವ್ ಅಡಾಪ್ಟರ್ ಸುಡಬಹುದು. ಅಲ್ಯೂಮಿನಿಯಂ ತಂತಿಯ ಕೇಬಲ್ ಬೇಡ. ಕೇಬಲ್ ಕಡಿದರೆ ಯಂತ್ರ ಏನು ಮಾಡುತ್ತದೆ ಎಂದು ಮೊದಲೇ ನೋಡಿಕೊಳ್ಳಿ."